ಕಲ್ಯಾಣದ ನೀರು ಮತ್ತು ಮುಳುಗುವ ವಿದ್ಯೆ

ಶಿವರಾತ್ರಿಯ ದಿನ ಚಳಿಯು ಶಿವಶಿವಾ ಎಂದು ಹೊರಟುಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಅಲ್ಲಿಂದ ಯುಗಾದಿಯವರೆಗಿನ ಕೆಲವು ವಾರಗಳು ಬೀದರ ಸೀಮೆಯ ಕೆರೆ ಬಾವಿಗಳಿಗೆ ಒಂದು ವಿಶೇಷವಾದ ಕಾಲ. ಮಳೆಗಾಲದಲ್ಲಿ ಹರಿದುಬಂದ ಕೆಸರು ಅಷ್ಟರಲ್ಲಿ ತಳ ಸೇರಿರುತ್ತದೆ. ಬೇಸಗೆಯ ಹಸುರು ಪಾಚಿ ಇನ್ನೂ ದಟ್ಟವಾಗಿರುವುದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವಾಗ ಯಾವುದಾದರೊಂದು ಹಳೆಯ ಕಲ್ಲುಗಣಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ನೀರು ತಿಳಿಯಾಗಿ, ಒಳಗಿನ ಕಲ್ಲು ಕೈಗೆ ಎಟುಕುವಂತೆ ಕಾಣಿಸೀತು. ಮೇಲೆ ಮಧ್ಯಾಹ್ನದ ಬಿಸಿಲು ಬೆನ್ನು ಸುಡುತ್ತಿರುತ್ತದೆ. ಇಳಿದುಬಿಡೋಣ ಎಂದು ಮನಸ್ಸಿಗೆ ತೋರುವುದು ಸಹಜ.

ಹಾಗೆ ತೋರಿದಾಗ ತಾವು ಒಂದು ಗಳಿಗೆ ನಿಲ್ಲಬೇಕು ಎಂಬುದೇ ಈ ಲೇಖನದ ಪ್ರಾರ್ಥನೆ. ನಿಂತ ನೀರಿನೊಳಗೆ ಇಳಿಯುವುದು ಮನುಷ್ಯನಿಗೆ ಹೊಸದಲ್ಲ. ಕಲ್ಯಾಣದ ಅರಸರೂ ಶರಣರೂ ಬಾವಿ ತೋಡಿದವರೂ ಅದನ್ನು ಬಲ್ಲವರಾಗಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಇಳಿಯುವ ಇಂದಿನ ಮುಳುಗುಗಾರರೂ ಬಲ್ಲರು. ಕಾಲ ಬೇರೆ, ಸಲಕರಣೆ ಬೇರೆ. ಆದರೆ ಎಲ್ಲರೂ ಕಂಡುಕೊಂಡದ್ದು ಒಂದೇ ಮಾತು. ನೀರಿಗೆ ಇಳಿಯುವುದಕ್ಕೂ ಅಲ್ಲಿಂದ ಏರುವುದಕ್ಕೂ ಮೆಟ್ಟಿಲು ಬೇಕು, ದಂಡೆಯಲ್ಲಿ ಹಗ್ಗ ಬೇಕು. ಇವೆರಡೂ ಇಲ್ಲದ ನೀರು ಎಷ್ಟೇ ತಿಳಿಯಾಗಿದ್ದರೂ ಅಪಾಯದ ನೀರೇ.

ಮೊದಲು ಸಾಹಿತ್ಯದಿಂದಲೇ ಆರಂಭಿಸೋಣ. ಕನ್ನಡಿಗರಿಗೆ ಚಿರಪರಿಚಿತನಾದ ಮುಳುಗುಗಾರನೆಂದರೆ ರನ್ನನ ಗದಾಯುದ್ಧದ ದುರ್ಯೋಧನ. ಎಲ್ಲವನ್ನೂ ಕಳೆದುಕೊಂಡ ಅವನು ಜಲಸ್ತಂಭನದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ಭೀಮನ ಗರ್ಜನೆಯನ್ನು ತಾಳಲಾರದೆ ಹೊರಗೆ ಬರುತ್ತಾನೆ. ಆ ಕಾವ್ಯವು ಹುಟ್ಟಿದ್ದು ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿ. ಅದೇ ಮನೆತನದ ಒಂದನೆಯ ಸೋಮೇಶ್ವರನು ಮುಂದೆ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ನೀರೊಳಗೆ ಉಸಿರು ಹಿಡಿದು ಇರಬೇಕೆಂಬ ಆಸೆ ಎಷ್ಟು ಹಳೆಯದೆಂಬುದಕ್ಕೆ ಆ ಸರೋವರದ ಕಥೆಯೇ ಸಾಕ್ಷಿ. ಆದರೆ ಮಂತ್ರವಿಲ್ಲದ ನಮ್ಮಂಥವರಿಗೆ ನೀರಿನ ನಿಯಮವು ಬೇರೆ.

ಆ ಸೋಮೇಶ್ವರನ ಕಡೆಯ ದಿನವೂ ನೀರಿನೊಡನೆ ಸೇರಿಕೊಂಡಿದೆ. ವಾಸಿಯಾಗದ ಬೇನೆಗೆ ಸಿಕ್ಕಿದ ಅವನು 1068ನೆಯ ಇಸವಿ ಮಾರ್ಚ್ 29ರಂದು, ಚೈತ್ರಮಾಸದಲ್ಲಿ, ಕುರುವತ್ತಿಯ ಬಳಿ ತುಂಗಭದ್ರೆಗೆ ಇಳಿದು ದೇಹವನ್ನು ಬಿಟ್ಟನು. ಕವಿ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾನೆ. ವಸಂತದ ತಿಳಿನೀರು ಅರಸನೆಂದೂ ಆಳೆಂದೂ ಭೇದವೆಣಿಸುವುದಿಲ್ಲ ಎಂಬುದನ್ನು ನೆನೆಯಲು ಇಷ್ಟನ್ನು ಹೇಳಿದೆನು.

ಅವನ ಮೊಮ್ಮಗನಾದ ಮೂರನೆಯ ಸೋಮೇಶ್ವರನು ಬೇರೊಂದು ಬಗೆಯ ಮನುಷ್ಯ. ಸುಮಾರು 1130ರ ಹೊತ್ತಿಗೆ ಅವನ ಹೆಸರಿನಲ್ಲಿ ಸಿದ್ಧವಾದ ಮಾನಸೋಲ್ಲಾಸವು ಸಂಸ್ಕೃತದಲ್ಲಿರುವ ಒಂದು ದೊಡ್ಡ ಜ್ಞಾನಕೋಶ. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಅಡುಗೆ, ಆನೆ, ಸಂಗೀತ, ಚಿತ್ರಕಲೆ ಇವುಗಳ ಜೊತೆಗೆ ಜಲಕ್ರೀಡೆಗೂ ಅದರಲ್ಲಿ ಸ್ಥಳವಿದೆ. ಮತ್ಸ್ಯವಿನೋದವೆಂಬ ಭಾಗದಲ್ಲಿ ಮೀನುಗಳ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಮತ್ತು ದಾರಗಳ ವಿಚಾರವೆಲ್ಲ ಬಂದಿದೆ. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಡಾಕ್ಟರ್ ಸುಂದರಲಾಲ್ ಹೋರಾ ಅವರು 1951ರಲ್ಲಿ ಆ ಭಾಗವನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಲೇಖನ ಬರೆದರು. ಮೀನನ್ನು ಬಲ್ಲವನು ನೀರನ್ನು ಬಲ್ಲವನಾಗಿರಲೇಬೇಕು. ನಿಂತ ನೀರನ್ನು ನೋಡಿ ತಿಳಿಯುವ ಒಂದು ಶಿಸ್ತು ಕಲ್ಯಾಣದಲ್ಲಿ ಒಂಬತ್ತು ನೂರು ವರ್ಷಗಳ ಹಿಂದೆಯೇ ಗ್ರಂಥಸ್ಥವಾಗಿತ್ತೆಂಬುದು ನಾವು ಮರೆಯಬಾರದ ಸಂಗತಿ.

ಅರಮನೆಯಿಂದ ಶರಣರ ಕಡೆಗೆ ಬಂದರೆ ನೀರಿನ ಕಥೆ ಇನ್ನಷ್ಟು ಹತ್ತಿರದ್ದಾಗುತ್ತದೆ. ನುಲಿಯ ಚಂದಯ್ಯನ ಕಾಯಕವು ಕೆರೆಯ ಅಂಚಿನಲ್ಲಿ ಬೆಳೆಯುವ ಹುಲ್ಲನ್ನು ಕೊಯ್ದು, ನುಲಿ ಹೊಸೆದು, ಹಗ್ಗಮಾಡಿ ಮಾರುವುದು. ಬಂದದ್ದರಿಂದ ಜಂಗಮ ದಾಸೋಹ ನಡೆಸುವುದು. ಒಮ್ಮೆ ಹುಲ್ಲು ಕೊಯ್ಯುತ್ತಿರುವಾಗ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತಂತೆ. ಚಂದಯ್ಯನು ಕಾಯಕವನ್ನು ಬಿಡಲಿಲ್ಲ. ಲಿಂಗವೇ ಅವನನ್ನು ಹಿಂಬಾಲಿಸಿ ಬಂದಿತು. ಮಡಿವಾಳ ಮಾಚಯ್ಯನು ನಡುವೆ ನಿಂತು ಬುದ್ಧಿ ಹೇಳಿದನು ಎಂಬ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಅದರ ತಾತ್ವಿಕ ಅರ್ಥವನ್ನು ಬಲ್ಲವರು ಬಿಡಿಸಿ ಹೇಳಲಿ. ನಮ್ಮ ಇಂದಿನ ವಿಷಯಕ್ಕೆ ಬೇಕಾದುದು ಇಷ್ಟೇ: ಕೆರೆಯ ಅಂಚಿನಲ್ಲಿ ದಿನವೂ ದುಡಿಯುತ್ತಿದ್ದ ಆ ಶರಣನು ಮಾಡುತ್ತಿದ್ದ ವಸ್ತು ಹಗ್ಗ. ಬಿದ್ದದ್ದನ್ನು ನೀರಿನಿಂದ ಮೇಲೆತ್ತುವುದಕ್ಕೆ ಮನುಷ್ಯನು ಕಂಡುಹಿಡಿದ ಮೊದಲನೆಯ ಸಲಕರಣೆಯೂ ಅದೇ.

ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನಂತೂ ಕೆರೆ ಕಟ್ಟಿಸುವುದನ್ನೇ ಧರ್ಮವೆಂದು ತಿಳಿದವನು. ಅಲ್ಲಮಪ್ರಭುವು ಅವನನ್ನು ಕಂಡಾಗಲೂ ಅವನ ಸುತ್ತ ಒಡ್ಡರ ಗುದ್ದಲಿಗಳೇ ಓಡಾಡುತ್ತಿದ್ದುವೆಂದು ಕಥೆ. ಇಂದಿಗೂ ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಸುತ್ತ ಕೆರೆಯ ನೀರಿದೆ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಹೆಸರಿನಲ್ಲೇ ಜಲವಿದೆ. ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ವಿಗ್ರಹದಿಂದ ಪ್ರಸಿದ್ಧವಾದ ಅಲ್ಲಿಯ ಗುಡಿಯು ಚಾಲುಕ್ಯ ವಿಕ್ರಮಾದಿತ್ಯನ ಕಾಲದ್ದು. ಗುಡಿ ಕಟ್ಟಿದವರು ನೀರನ್ನು ಮರೆಯಲಿಲ್ಲ; ನೀರು ಕಟ್ಟಿದವರು ಮೆಟ್ಟಿಲನ್ನು ಮರೆಯಲಿಲ್ಲ.

ಮೆಟ್ಟಿಲಿನ ಮಾತು ಬಂದುದರಿಂದ ಒಂದು ಸ್ವಾರಸ್ಯವನ್ನು ಹೇಳಬೇಕು. ನಾಲ್ಕೂ ಕಡೆ ಮೆಟ್ಟಿಲುಗಳಿರುವ ದೇವಸ್ಥಾನದ ಕೊಳಕ್ಕೆ ಕನ್ನಡದಲ್ಲಿ ಕಲ್ಯಾಣಿ ಎಂದು ಹೆಸರು. ಬಸವಕಲ್ಯಾಣವನ್ನು ನಿಜಾಮರ ಕಾಲದಲ್ಲಿ ಕರೆಯುತ್ತಿದ್ದುದೂ ಕಲ್ಯಾಣಿ ಎಂದೇ. ಇವೆರಡಕ್ಕೂ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ಆದರೆ ಕಲ್ಯಾಣಿಯ ಮೆಟ್ಟಿಲು ಏತಕ್ಕೆ ಎಂದು ತಾವು ಯೋಚಿಸಿದ್ದುಂಟೆ? ಕೊಡ ತುಂಬುವವರಿಗೆ, ಸ್ನಾನಕ್ಕೆ ಬಂದವರಿಗೆ ಅನುಕೂಲ ಎಂಬುದು ಒಂದು. ನೀರಿನ ಮಟ್ಟ ಆಶ್ವೀಜದಿಂದ ವೈಶಾಖದವರೆಗೆ ಇಳಿಯುತ್ತ ಹೋಗುವಾಗ ಮೆಟ್ಟಿಲೂ ಅದರ ಸಂಗಡ ಕೆಳಗಿಳಿಯುತ್ತದೆ ಎಂಬುದು ಎರಡು. ಜಾರಿ ಬಿದ್ದ ಮಗುವಿಗೂ ಕಾಲಿಗೆ ಒಂದು ಕಲ್ಲು ಸಿಗುತ್ತದೆ ಎಂಬುದು ಮೂರು. ಮೂರನೆಯದೇ ಮುಖ್ಯ.

ಮೆಟ್ಟಿಲಿಲ್ಲದ ಸೇದುವ ಬಾವಿಗೆ ಬೇರೆ ಏರ್ಪಾಡು. ಬಿಂದಿಗೆ ಹಗ್ಗ ಕಳಚಿ ಬಿದ್ದರೆ ಪಕ್ಕದ ಮನೆಯಿಂದ ಪಾತಾಳಗರಡಿಯನ್ನು ತರುತ್ತಿದ್ದರು. ಕಬ್ಬಿಣದ ಬಳೆಗೆ ಹತ್ತಾರು ಕೊಂಡಿಗಳನ್ನು ಜೋಡಿಸಿದ ಆ ಸಾಧನವನ್ನು ಇಳಿಬಿಟ್ಟು ತಳವನ್ನು ತಡಕಿದರೆ ಬಿಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕದಿದ್ದರೆ ಮಾತ್ರ ಮುಳುಗುವವನನ್ನು ಕರೆಯುವುದು. ಅವನು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಹಗ್ಗದ ಇನ್ನೊಂದು ತುದಿಯನ್ನು ನಂಬಿಕೆಯವನ ಕೈಗೆ ಕೊಟ್ಟು ಇಳಿಯುತ್ತಿದ್ದ. ಹಾಳುಬಾವಿಯಾದರೆ ಮೊದಲು ಉರಿಯುವ ಕಂದೀಲನ್ನು ಇಳಿಸಿ ನೋಡುತ್ತಿದ್ದರು; ದೀಪ ನಂದಿದರೆ ಕೆಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ಹುಡುಗರಿಗೆ ಈಜು ಕಲಿಸುವಾಗ ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟುತ್ತಿದ್ದರು. ಹಗ್ಗ, ಜೊತೆಗಾರ, ಗಾಳಿಯ ಪರೀಕ್ಷೆ, ತೇಲುವ ಸಾಧನ: ಇಂದು ಮುಳುಗುವ ಶಾಲೆಗಳಲ್ಲಿ ಹಣ ಕೊಟ್ಟು ಕಲಿಯುವ ಮೊದಲ ನಾಲ್ಕು ಪಾಠಗಳು ನಮ್ಮ ಹಿತ್ತಿಲ ಬಾವಿಯಲ್ಲೇ ಇದ್ದುವು.

ಇನ್ನು ಈ ನೆಲದ ಸ್ವಭಾವವನ್ನು ಸ್ವಲ್ಪ ನೋಡೋಣ. ಬೀದರ ಹುಮನಾಬಾದಗಳ ಪ್ರಸ್ಥಭೂಮಿಯಲ್ಲಿ ಕೆಳಗೆ ಕರಿಯ ಅಗ್ನಿಶಿಲೆ, ಅದರ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಜಂಬಿಟ್ಟಿಗೆಯು ತೂತುತೂತಾದ ಕಲ್ಲು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿಪದರದ ಮೇಲೆ ಹರಿದು, ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಉದ್ದವಾದ ಸುರಂಗದಲ್ಲಿ ನೀರನ್ನು ತುಳಿಯುತ್ತ ಸ್ವಾಮಿಯ ಸನ್ನಿಧಿಗೆ ಹೋಗುವುದು ಇಂಥ ನೀರಿನಲ್ಲಿಯೇ. ಬಹಮನಿ ಸುಲ್ತಾನರ ಕಾಲದಲ್ಲಿ ಪಾರಸಿಕ ಪದ್ಧತಿಯಂತೆ ತೋಡಿದ ನೌಬಾದಿನ ಸುರಂಗ ಬಾವಿಯೂ ಈ ಗುಣವನ್ನೇ ಉಪಯೋಗಿಸಿಕೊಂಡಿತು. ಜಂಬಿಟ್ಟಿಗೆಗೆ ಇನ್ನೊಂದು ಗುಣವುಂಟು. ನೆಲದಲ್ಲಿರುವಾಗ ಕತ್ತರಿಸಲು ಸುಲಭ, ಗಾಳಿಗೆ ಬಂದ ಮೇಲೆ ಗಟ್ಟಿ. ಆದುದರಿಂದ ಮನೆಕಟ್ಟುವವರು ಅದನ್ನು ಚೌಕ ಚೌಕವಾಗಿ ಕತ್ತರಿಸಿ ತೆಗೆಯುತ್ತಾರೆ. ಹಿಂದೆ ಉಳಿಯುವುದು ಗೋಡೆಯಂತೆ ನೇರವಾದ ದಡಗಳಿರುವ ಹೊಂಡ. ಕೆಲಸ ನಿಂತ ಮೇಲೆ ಎರಡು ಮಳೆಗಾಲದಲ್ಲಿ ಅದು ತುಂಬುತ್ತದೆ. ಹೊಳೆ ಹಳ್ಳಗಳ ಸಂಪರ್ಕವಿಲ್ಲದ ಹೊಂಡವಾದರೆ ಮಣ್ಣು ಬೇಗ ತಳಕ್ಕಿಳಿದು ನೀರು ಕೆರೆಯ ನೀರಿಗಿಂತಲೂ ತಿಳಿಯಾಗುತ್ತದೆ. ಕೆರೆಗೆ ಅಂಚಿನಲ್ಲಿ ಇಳಿಜಾರು ಇದೆ. ಇದಕ್ಕೆ ಮೊದಲನೆಯ ಹೆಜ್ಜೆಯಲ್ಲೇ ಆಳ.

ಫಾಲ್ಗುಣದಲ್ಲಿ ಆ ನೀರಿನೊಳಗೆ ಏನು ನಡೆಯುತ್ತಿರುತ್ತದೆ? ಮಾರ್ಗಶಿರ ಪುಷ್ಯಗಳ ರಾತ್ರಿಗಳಲ್ಲಿ ಮೇಲುನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಕೆಳಗಿನದು ಮೇಲೆ ಬರುತ್ತದೆ. ಹೀಗೆ ಚಳಿಗಾಲದಲ್ಲಿ ಕೆರೆಯೆಲ್ಲ ಒಂದಾಗಿ ಕಲಸಿಕೊಳ್ಳುತ್ತದೆ. ಶಿವರಾತ್ರಿಯಾದ ಮೇಲೆ ಬಿಸಿಲು ಏರಿದಂತೆ ಮೇಲಿನ ಪದರವು ಬೆಚ್ಚಗಾಗಿ ಹಗುರಾಗುತ್ತದೆ. ಹಗುರಾದುದು ಮೇಲೆಯೇ ನಿಲ್ಲುತ್ತದೆ. ಕೆಳಗಿನದು ಚಳಿಗಾಲದ ತಂಪನ್ನು ಇನ್ನೂ ಉಳಿಸಿಕೊಂಡಿರುತ್ತದೆ. ಆದುದರಿಂದ ಎದೆಯವರೆಗೆ ಉಗುರು ಬೆಚ್ಚಗಿರುವ ನೀರಿನಲ್ಲಿ ಮುಳುಗು ಹಾಕಿದವನಿಗೆ ಕೆಳಗೆ ಇದ್ದಕ್ಕಿದ್ದಂತೆ ಚಳಿ ಹತ್ತುತ್ತದೆ. ಬಿಸಿಲಿನಲ್ಲಿ ಕಾದ ಮೈ ತಣ್ಣೀರಿಗೆ ಬಿದ್ದೊಡನೆ ತಡೆಯಲಾರದಂತೆ ಉಸಿರು ಒಳಕ್ಕೆ ಎಳೆಯುವುದು ದೇಹದ ಧರ್ಮ. ಆ ಉಸಿರು ನೀರೊಳಗೆ ಬಂದರೆ ಒಳಗೆ ಹೋಗುವುದು ನೀರು. ಒಳ್ಳೆಯ ಈಜುಗಾರರೂ ಮೊದಲ ಒಂದೆರಡು ನಿಮಿಷಗಳಲ್ಲೇ ಕಂಗೆಡುವುದಕ್ಕೆ ಇದು ಒಂದು ಕಾರಣ.

ಚಳಿದೇಶಗಳಲ್ಲಿ ವಸಂತದ ಕೆರೆಯ ಲೆಕ್ಕವೇ ಬೇರೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಹಿಮ ಕರಗಿದ ಮೇಲೆ ಅಲ್ಲಿಯ ಕೆರೆಗಳ ಮೇಲುನೀರು ಆ ಮಟ್ಟಕ್ಕೆ ಬಂದಾಗ ಮೇಲಿಂದ ಕೆಳಗಿನವರೆಗೆ ಕಲಸಿಕೊಳ್ಳುತ್ತದೆ. ಪಾಚಿ ಹುಟ್ಟುವ ಮೊದಲಿನ ಆ ಕೆಲವು ದಿನಗಳಲ್ಲಿ ನೀರು ಕೊರೆಯುವಷ್ಟು ತಣ್ಣಗಿದ್ದರೂ ತಿಳಿಯಾಗಿರುತ್ತದೆಂದು ಅಲ್ಲಿಯ ಮುಳುಗುಗಾರರು ರಬ್ಬರಿನ ಉಡುಪು ತೊಟ್ಟು ಇಳಿಯುತ್ತಾರೆ. ನಮ್ಮಲ್ಲಿ ಕಲಸುವುದು ಚಳಿಗಾಲದ ಕೆಲಸ. ವಸಂತವು ಬೇರ್ಪಡಿಸುವ ಕಾಲ. ಎರಡೂ ಕಡೆ ಒಂದು ಮಾತು ಸಮ: ತಿಳಿಯಾಗಿ ಕಾಣುವ ಕಾಲವೂ ತಣ್ಣಗಿರುವ ಕಾಲವೂ ಒಂದೇ.

ನೀರಿನ ತಿಳಿತನವನ್ನು ಅಳೆಯುವ ಒಂದು ಸುಲಭ ಉಪಾಯವನ್ನು ಇಟಲಿಯ ಪಾದ್ರಿಯೂ ಖಗೋಳಜ್ಞನೂ ಆದ ಆಂಜೆಲೊ ಸೆಕ್ಕಿ 1865ರ ಏಪ್ರಿಲಿನಲ್ಲಿ ಪೋಪರ ಹಡಗಿನಿಂದ ಪರೀಕ್ಷಿಸಿದನು. ಬಿಳಿಯ ತಟ್ಟೆಯೊಂದನ್ನು ದಾರದಲ್ಲಿ ಇಳಿಸುತ್ತ ಹೋಗಿ, ಅದು ಯಾವ ಆಳದಲ್ಲಿ ಕಣ್ಣಿಗೆ ಮರೆಯಾಗುವುದೋ ಅದನ್ನು ಗುರುತುಹಾಕಿಕೊಳ್ಳುವುದು. ಮೆಟ್ಟಿಲುಳ್ಳ ಕಲ್ಯಾಣಿಯ ಬಳಿ ಇರುವ ಶಾಲೆಯ ಉಪಾಧ್ಯಾಯರು ಹುಡುಗರನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ತಾವು ಇದನ್ನು ಮಾಡಿ ತೋರಿಸಬಹುದು. ಆಗಲೇ ಇನ್ನೊಂದು ಪಾಠವನ್ನೂ ಹೇಳಬೇಕು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಮೇಲಿನಿಂದ ನೋಡುವವನಿಗೆ ಆಳವು ನಿಜದ ಮುಕ್ಕಾಲು ಪಾಲು ಮಾತ್ರ ತೋರುತ್ತದೆ. ಮೂರು ಆಳು ಎಂದು ಕಂಡ ನೀರು ನಾಲ್ಕು ಆಳು ಇರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ ತೋರುತ್ತದೆ. ನೀರು ತಿಳಿಯಾದಷ್ಟೂ ತಳ ಚೆನ್ನಾಗಿ ಕಾಣುತ್ತದೆ. ಕಂಡಷ್ಟೂ ಹತ್ತಿರವೆಂದು ಭ್ರಮೆ ಹುಟ್ಟುತ್ತದೆ. ತಳದಲ್ಲಿ ಹಿಟ್ಟಿನಂತೆ ಕೂತ ಜೇಡಿಗೆ ಒಮ್ಮೆ ಕಾಲು ತಾಗಿತೆಂದರೆ ಆ ತಿಳಿನೀರೆಲ್ಲ ಕ್ಷಣದಲ್ಲಿ ಕತ್ತಲು. ಯಾವುದು ಮೇಲು ಯಾವುದು ಕೆಳಗು ಎಂಬುದೂ ತಿಳಿಯುವುದಿಲ್ಲ. ಹಗ್ಗ ಹಿಡಿದವನು ಮಾತ್ರ ದಾರಿ ಬಲ್ಲ.

ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುವ ವಿದ್ಯೆ ಇತ್ತೀಚಿನದು. ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾಂ ಎಂಬುವರು 1943ರಲ್ಲಿ ಅದನ್ನು ಸಿದ್ಧಪಡಿಸಿದರು. ಅದರ ಮೊದಲ ಪರೀಕ್ಷೆಯು ಸಮುದ್ರದಲ್ಲಿ ಅಲ್ಲ, ಪ್ಯಾರಿಸಿನ ಹೊರಗಿನ ಮಾರ್ನ್ ನದಿಯ ಸಿಹಿನೀರಿನಲ್ಲಿ ನಡೆಯಿತು. ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವು ಹೆಚ್ಚಿನ ಒತ್ತಡದಲ್ಲಿ ವಿಷವಾಗುತ್ತದೆಂದು ಪೌಲ್ ಬೇರ್ ಎಂಬ ಫ್ರೆಂಚ್ ವಿಜ್ಞಾನಿ 1878ರಲ್ಲಿಯೇ ತೋರಿಸಿದ್ದನು. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಭಾರದ ಒತ್ತಡದಿಂದ ತುಂಬಿದರೆ ಸುಮಾರು 2400 ಲೀಟರು ಗಾಳಿ. ನಿಮಿಷಕ್ಕೆ 20 ಲೀಟರು ಬೇಕಾದವನಿಗೆ ನೀರಿನ ಮೇಲಾದರೆ ಅದು ಎರಡು ಗಂಟೆ. 10 ಮೀಟರು ಕೆಳಗೆ ಸುಮಾರು ಒಂದೇ ಗಂಟೆ. ಕೆಳಗೆ ಹೋದಷ್ಟೂ ಪ್ರತಿಯೊಂದು ಉಸಿರಿಗೂ ಹೆಚ್ಚು ಗಾಳಿ ಖರ್ಚಾಗುತ್ತದೆ.

ಇಳಿಯುವುದಕ್ಕಿಂತ ಏರುವುದೇ ಕಷ್ಟ ಎಂಬುದು ಈ ವಿದ್ಯೆಯ ಮರ್ಮ. ಒತ್ತಡ ಇಳಿದರೆ ಗಾಳಿಯ ಗಾತ್ರ ಹಿಗ್ಗುವುದೆಂದು ಬಾಯ್ಲನ ನಿಯಮ ಹೇಳುತ್ತದೆ. ಕೆಳಗೆ ಸಿಲಿಂಡರಿನ ಗಾಳಿಯನ್ನು ಎಳೆದುಕೊಂಡವನು ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶವೇ ಬಿರಿಯಬಹುದು. ಅಲ್ಲದೆ ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕವು ಅವಸರದ ಏರಿಕೆಯಲ್ಲಿ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಗುಳ್ಳೆಗಳಾಗಿ ಹೊರಡುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಇದಕ್ಕೆ ಉಪಾಯ ಹೇಳಿದನು. ಮೇಲೆ ಬರುವಾಗ ಇಷ್ಟು ಆಳದಲ್ಲಿ ಇಷ್ಟು ನಿಮಿಷ ನಿಲ್ಲಬೇಕು, ಅಲ್ಲಿಂದ ಮೇಲೆ ಮತ್ತೆ ಇಷ್ಟು ನಿಮಿಷ ನಿಲ್ಲಬೇಕು ಎಂಬ ಕೋಷ್ಟಕವದು. ಓದುಗರು ಗಮನಿಸಬೇಕು. ಹಾಲ್ಡೇನನು ಕಟ್ಟಿದ್ದು ಕಣ್ಣಿಗೆ ಕಾಣದ ಮೆಟ್ಟಿಲು. ಕಲ್ಯಾಣಿಗೆ ಕಲ್ಲಿನಿಂದ ಕಟ್ಟಿದ್ದನ್ನೇ ಅವನು ನಿಮಿಷಗಳಿಂದ ಕಟ್ಟಿದನು.

ಈ ಲೆಕ್ಕದಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಸೂಕ್ಷ್ಮವುಂಟು. ಸಾಮಾನ್ಯ ಕೋಷ್ಟಕಗಳು ಸಮುದ್ರಮಟ್ಟಕ್ಕೆ ಮಾಡಿದವು. ಸುಮಾರು 300 ಮೀಟರಿಗಿಂತ ಎತ್ತರದ ನೀರಿಗೆ ಅವನ್ನು ತಿದ್ದಿಕೊಳ್ಳಬೇಕೆಂದು ಮುಳುಗುವ ಶಾಲೆಗಳು ಕಲಿಸುತ್ತವೆ. ಹುಮನಾಬಾದ ಬಸವಕಲ್ಯಾಣಗಳು 600 ಮೀಟರಿಗಿಂತ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡವು ಸಮುದ್ರತೀರದ ಒತ್ತಡದ ನೂರಕ್ಕೆ ಸುಮಾರು 93 ಪಾಲು. ಸಮುದ್ರಮಟ್ಟದ ಸಿಹಿನೀರಿನಲ್ಲಿ ಒತ್ತಡ ಎರಡರಷ್ಟಾಗಲು ಸುಮಾರು 10.3 ಮೀಟರು ಇಳಿಯಬೇಕಾದರೆ ಇಲ್ಲಿ 9.6 ಮೀಟರಿಗೇ ಹಾಗಾಗುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಕಡಲಿನಲ್ಲಿ ಕಲಿತು ಬಂದವನು ಅದೇ ಕೋಷ್ಟಕವನ್ನು ಹಿಡಿದು ಇಲ್ಲಿಯ ಆಳವಾದ ಗಣಿಗೆ ಇಳಿದರೆ ಲೆಕ್ಕ ತಪ್ಪುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ. ಅಲ್ಲಿ ತೇಲಿದ ಭಾರ ಇಲ್ಲಿ ಮುಳುಗುತ್ತದೆ ಎಂಬುದನ್ನೂ ಅವನು ನೆನಪಿಡಬೇಕು.

ವಿದ್ಯೆ ಬಲ್ಲವರಿಗೂ ಸಿಹಿನೀರು ಪಾಠ ಕಲಿಸಿದ್ದುಂಟು. 1946ರಲ್ಲಿ ಕುಸ್ತೊ ತನ್ನ ಗೆಳೆಯ ದ್ಯುಮಾನೊಡನೆ ಫ್ರಾನ್ಸಿನ ವೊಕ್ಲೂಸ್ ಎಂಬ ಆಳವಾದ ಬುಗ್ಗೆಗೆ ಇಳಿದನು. ಕೆಳಗೆ ಇಬ್ಬರಿಗೂ ಮಂಕು ಕವಿದು ಪ್ರಾಣ ಹೋಗುವಂತಾಯಿತು. ಆಮೇಲೆ ಪರೀಕ್ಷಿಸಿದಾಗ ಗೊತ್ತಾದದ್ದು: ಸಿಲಿಂಡರಿಗೆ ಗಾಳಿ ತುಂಬಿದ ಯಂತ್ರವು ತಾನೇ ಬಿಟ್ಟ ಹೊಗೆಯನ್ನು ಒಳಗೆಳೆದುಕೊಂಡು, ಗಾಳಿಯೊಡನೆ ವಿಷವನ್ನೂ ತುಂಬಿತ್ತು. ಅವರನ್ನು ಉಳಿಸಿದ್ದು ಮೇಲಿನಿಂದ ಇಳಿಬಿಟ್ಟಿದ್ದ ಹಗ್ಗ, ಅದನ್ನು ಹಿಡಿದಿದ್ದ ಸಂಗಡಿಗರು. ನಮ್ಮ ಹಾಳುಬಾವಿಯ ಕಂದೀಲಿನ ನೆನಪು ತಮಗೆ ಬಾರದಿರದು.

ಕನ್ನಡಿಗರಲ್ಲಿ ಈ ವಿದ್ಯೆಯನ್ನು ಇತಿಹಾಸದ ಸೇವೆಗೆ ತಂದವರು ಡಾಕ್ಟರ್ ಎಸ್. ಆರ್. ರಾವ್ ಅವರು. ಲೋಥಲ್ಲಿನ ಉತ್ಖನನದಿಂದ ಹೆಸರಾದ ಅವರು 1981ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವ ವಿಭಾಗವನ್ನು ಆರಂಭಿಸಿ, 1983ರಿಂದ ದ್ವಾರಕೆಯ ಸಮುದ್ರದಲ್ಲಿ ಮುಳುಗಿದ ಕಟ್ಟಡಗಳ ಶೋಧನೆ ನಡೆಸಿದರು. 2013ರಲ್ಲಿ ಅವರು ತೀರಿಕೊಂಡರು. ಹಿಂದಿನವರು ನೀರಿನ ಅಂಚಿನಲ್ಲಿ ಬಾಳಿದರು; ಅವರ ಕುರುಹುಗಳು ನೀರಿನ ತಳದಲ್ಲಿಯೂ ಉಳಿದಿರುತ್ತವೆ ಎಂಬ ಸರಳ ಸತ್ಯವನ್ನು ಅವರ ಕೆಲಸವು ದೇಶಕ್ಕೆ ತೋರಿಸಿತು. ನಮ್ಮ ಕಲ್ಯಾಣಿಗಳನ್ನು ಹೂಳೆತ್ತುವವರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಹಾಗಾದರೆ ಕಲ್ಲುಗಣಿಯ ನೀರನ್ನು ಪಳಗಿಸುವುದು ಸಾಧ್ಯವಿಲ್ಲವೆ? ಸಾಧ್ಯವಿದೆ. ಇಂಗ್ಲೆಂಡಿನ ಲೆಸ್ಟರ್ ಸೀಮೆಯಲ್ಲಿ ಸ್ಟೋನಿ ಕೋವ್ ಎಂಬ ಕಲ್ಲುಗಣಿಯುಂಟು. 1958ರಲ್ಲಿ ಅಲ್ಲಿ ಕೆಲಸ ನಿಂತು, ನೀರು ತುಂಬಿ, ಮುಂದಿನ ದಶಕದಲ್ಲಿ ಮುಳುಗುಗಾರರ ಶಿಕ್ಷಣಸ್ಥಾನವಾಯಿತು. ಕಲ್ಲು ತೆಗೆಯುವಾಗ ಬಿಟ್ಟಿದ್ದ ಹಂತಗಳು ಅಲ್ಲಿ ನೀರೊಳಗೆ ಒಂದರ ಕೆಳಗೊಂದರಂತಿವೆ. ಅತ್ಯಂತ ಕೆಳಗಿನದು ಸುಮಾರು 35 ಮೀಟರು. ಹೊಸಬರು ಮೇಲಿನ ಹಂತದಲ್ಲಿ, ಬಲ್ಲವರು ಕೆಳಗಿನ ಹಂತದಲ್ಲಿ. ದಂಡೆಯಲ್ಲಿ ಕಾವಲಿನವರು, ಹಗ್ಗ, ಗಾಳಿ ತುಂಬುವ ಯಂತ್ರ ಎಲ್ಲವೂ ಉಂಟು. ಅದೂ ಒಂದು ಕಲ್ಯಾಣಿಯೇ ಆಯಿತು ಎನ್ನಬಹುದು.

ನಮ್ಮಲ್ಲಿ ಏನಾಗಿದೆ? ಬೀದರ ಜಿಲ್ಲೆ 1956ರಲ್ಲಿ ಕನ್ನಡನಾಡಿಗೆ ಸೇರಿತು. 2019ರಲ್ಲಿ ಸೀಮೆಗೆಲ್ಲ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಕಾರಂಜಾ, ಚುಳಕಿ ನಾಲಾ ಮೊದಲಾದ ಜಲಾಶಯಗಳು ಕಟ್ಟಲ್ಪಟ್ಟುವು. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಒಣಭೂಮಿಯ ಹೊಲಗಳಲ್ಲಿ ಕೃಷಿಹೊಂಡಗಳು ಬಂದುವು. ನೀರು ಹೆಚ್ಚಾದುದು ಸಂತೋಷದ ವಿಷಯವೇ. ಆದರೆ ನೀರು ಇಂಗದಿರಲೆಂದು ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯ ಮೇಲೆ ಒದ್ದೆಯ ಕಾಲು ನಿಲ್ಲುವುದಿಲ್ಲ. ಬಿದ್ದವನು ಎಷ್ಟು ಸಲ ಏರಿದರೂ ಅಷ್ಟು ಸಲ ಜಾರುತ್ತಾನೆ. ದಡವು ಎರಡು ಮಾರು ದೂರದಲ್ಲಿ ಕಾಣುತ್ತಿದ್ದರೂ ಅದನ್ನು ಮುಟ್ಟಲಾರ. ಬಿಟ್ಟುಹೋದ ಕಲ್ಲುಗಣಿಯದೂ ಅದೇ ಪಾಡು. ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗಡೆ ತಡೆಯುವ ದಿನವೆಂದು ಗೊತ್ತುಮಾಡಿತು. ನಮ್ಮ ಹಳ್ಳಿಗಳಿಗೆ ಜುಲೈ ತಡವಾಯಿತು. ಪರೀಕ್ಷೆ ಮುಗಿದು ಹುಡುಗರು ಊರಿಗೆ ಬರುವುದು, ಬಿಸಿಲು ಏರುವುದು, ಹೊಂಡದ ನೀರು ತಿಳಿಯಾಗಿ ಕರೆಯುವುದು ಫಾಲ್ಗುಣ ಚೈತ್ರಗಳಲ್ಲಿ.

ಆದುದರಿಂದ ತಮ್ಮಲ್ಲಿ ಒಂದೆರಡು ವಿನಂತಿಗಳು. ತಮ್ಮ ಹೊಲದಲ್ಲಿ ಹೊಂಡವಿದ್ದರೆ ಯುಗಾದಿಯ ಒಳಗಾಗಿ ಅದಕ್ಕೆ ಬೇಲಿ ಹಾಕಿಸಿ. ಎರಡು ಕಡೆ ಗೂಟ ನೆಟ್ಟು, ಗಂಟುಗಳಿರುವ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಡಿ. ಗಂಟು ಗಂಟಿನ ಹಗ್ಗವೆಂದರೆ ಬಡವನ ಮೆಟ್ಟಿಲು. ಮುಚ್ಚಿದ ಖಾಲಿ ಕ್ಯಾನೊಂದನ್ನು ಹಗ್ಗಕ್ಕೆ ಕಟ್ಟಿ ದಂಡೆಯಲ್ಲಿಡಿ. ಅದು ಇಂದಿನ ಸೋರೆಬುರುಡೆ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬಾರದು. ಬಲ್ಲವರೂ ಬರಿಗೈಯಲ್ಲಿ ಹಾರಬಾರದು. ಹಗ್ಗ ಎಸೆಯಿರಿ, ಕೋಲು ಚಾಚಿರಿ, ಸೀರೆಯನ್ನಾದರೂ ಬೀಸಿರಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಮನೆಗಳ ಸುದ್ದಿಯನ್ನು ಪ್ರತಿ ಬೇಸಗೆಯಲ್ಲಿ ನಾವು ಓದುತ್ತೇವೆ. ಹುಡುಗರಿಗೆ ನೀರಿನ ಹೆದರಿಕೆ ಹುಟ್ಟಿಸುವುದು ಬೇಡ. ಮೆಟ್ಟಿಲಿರುವ ಕಡೆ, ಬೆನ್ನಿಗೆ ಬೆಂಡು ಕಟ್ಟಿ, ಹಿರಿಯರು ನಿಂತು ಈಜು ಕಲಿಸಲಿ.

ತ್ರಿಪುರಾಂತಕ ಕೆರೆಯ ದಂಡೆಗೆ ಇಂದು ದೂರದೂರದಿಂದ ಜನ ಬರುತ್ತಾರೆ. ಅನುಭವ ಮಂಟಪವನ್ನು ನೋಡುತ್ತಾರೆ, ಅಕ್ಕನಾಗಮ್ಮನ ಗವಿಯನ್ನು ನೋಡುತ್ತಾರೆ. ನುಲಿಯ ಚಂದಯ್ಯನ ಹೆಸರಿನ ಗವಿಯೂ ಆ ಊರಿನಲ್ಲಿದೆ. ತಾವು ಹೋದಾಗ ಅಲ್ಲಿಯೂ ಒಂದು ಗಳಿಗೆ ನಿಲ್ಲಿ. ಹಿಂದಿರುಗುವಾಗ ಹುಮನಾಬಾದಿನ ಪೇಟೆಯಲ್ಲಿ ಹತ್ತು ಮಾರು ಒಳ್ಳೆಯ ಹಗ್ಗವನ್ನು ಕೊಂಡು, ಊರಿಗೆ ಒಯ್ದು, ತಮ್ಮ ಊರಿನ ಹೊಂಡದ ದಂಡೆಯಲ್ಲಿ ಕಟ್ಟಿಬಿಡಿ.